ಕಮ್ಯುನಿಟಿ ಕಾಲೇಜಿನ ಖರ್ಚು: ಕಾಲೇಜ್ ಕ್ಯಾಲ್ಕುಲೇಟರ್, ಸರ್ಕಾರದ ಎಸ್ಟಿಮೇಟರ್, ಮನೆ ನೋಟ್‌ಬುಕ್, ಮೂರೂ ಮಾಡಿ ನೋಡ್ದೆ

ಮೂರು ಕಡೆ ಲೆಕ್ಕ ಹಾಕ್ದೆ, ಮೂರು ಕಡೆ ಬೇರೆ ಬೇರೆ ಉತ್ತರ ಬಂತು. ಒಂದು 17 ಸಾವಿರ ಡಾಲರ್ ಚಿಲ್ಲರೆ ಕೈಯಿಂದ ಹಾಕ್ಬೇಕು ಅಂತು, ಇನ್ನೊಂದು ನಿಮಗೆ ಸಹಾಯದ ಅಗತ್ಯಾನೇ ಇಲ್ಲ ಅನ್ನೋ ಥರ ನಂಬರ್ ಕೊಡ್ತು, ಮೂರನೇದು 5,870 ಡಾಲರ್. ಮಗಳು ಅದೇ, ಕಾಲೇಜು ಅದೇ, ವರ್ಷಾನೂ ಅದೇ. ಎರಡು ವಾರ ನಿದ್ದೆ ಕೆಡಿಸ್ಕೊಂಡಿದ್ದೀನಿ ಇದರ ಹಿಂದೆ, ಅದಕ್ಕೇ ಬರೀತಿದೀನಿ, ನಿಮ್ಮಲ್ಲಿ ಯಾರಿಗಾದ್ರೂ ಉಪಯೋಗಕ್ಕೆ ಬರ್ಬೋದು.

ನಾವಿರೋದು ಕ್ಯಾಲಿಫೋರ್ನಿಯಾ, ಸ್ಯಾಕ್ರಮೆಂಟೋ ಕಡೆ. 2025ರ ಫೆಬ್ರವರಿಲಿ ನಮ್ಮನೆಯವರ ಕೆಲಸ ಹೋಯ್ತು, ಮಗಳು ಆಗ ಹೈಸ್ಕೂಲ್ ಕೊನೇ ವರ್ಷ. ಅವಳೇ ಹೇಳಿದ್ಲು, ಅಮ್ಮ ನಾನು ಎರಡು ವರ್ಷ ಇಲ್ಲೇ ಕಮ್ಯುನಿಟಿ ಕಾಲೇಜಲ್ಲಿ (ಕಮ್ಮಿ ಫೀಸಿನ ಎರಡು ವರ್ಷದ ಸರ್ಕಾರಿ ಕಾಲೇಜು) ಓದಿ ಆಮೇಲೆ ಯುಸಿಗೆ, ಅಂದ್ರೆ ಯೂನಿವರ್ಸಿಟಿ ಆಫ್ ಕ್ಯಾಲಿಫೋರ್ನಿಯಾಗೆ, ಟ್ರಾನ್ಸ್‌ಫರ್ ಆಗ್ತೀನಿ ಅಂತ. ನಮ್ಮವರಲ್ಲಿ ಕಮ್ಯುನಿಟಿ ಕಾಲೇಜು ಅಂದ ತಕ್ಷಣ ಮುಖ ಒಂಥರಾ ಮಾಡೋರು ಜಾಸ್ತಿ, ಆದ್ರೆ ಯುಸಿಯ ಆರು ಕ್ಯಾಂಪಸ್ಸುಗಳು ಶರತ್ತು ಪೂರೈಸಿದ ಕಮ್ಯುನಿಟಿ ಕಾಲೇಜು ಮಕ್ಕಳಿಗೆ ಸೀಟು ಗ್ಯಾರಂಟಿ ಕೊಡ್ತವೆ (ಬರ್ಕ್ಲಿ, ಯುಸಿಎಲ್ಎ, ಸ್ಯಾನ್ ಡಿಯಾಗೋ ಕೊಡಲ್ಲ). ನನಗೆ ಅವಳ ಮಾತು ಸರಿ ಅನ್ನಿಸ್ತು. ಉಳಿದದ್ದು ದುಡ್ಡಿನ ಲೆಕ್ಕ.

ಮೊದಲು ನೋಡಿದ್ದು ಕಾಲೇಜಿನದೇ ನೆಟ್ ಪ್ರೈಸ್ ಕ್ಯಾಲ್ಕುಲೇಟರ್, ಅಂದ್ರೆ ಗ್ರಾಂಟು ಕಳೆದು ಕೈಯಿಂದ ಎಷ್ಟು ಬೀಳುತ್ತೆ ಅಂತ ಅಂದಾಜು ಹೇಳೋದು. ಫೆಡರಲ್ ಸಹಾಯ ತಗೊಳ್ಳೋ ಕಾಲೇಜುಗಳು 2011ರಿಂದ ಇದನ್ನ ಇಡ್ಲೇಬೇಕು, ಕಾನೂನಿದೆ. ಐದು ನಿಮಿಷದ ಕೆಲಸ, ಹತ್ತು ಪ್ರಶ್ನೇನೂ ಇಲ್ಲ: ವಯಸ್ಸೆಷ್ಟು, ಅಪ್ಪ ಅಮ್ಮನ ಜೊತೆ ಇರ್ತೀರಾ, ಮನೇಲಿ ಎಷ್ಟು ಜನ, ಆದಾಯ ಯಾವ ಗುಂಪಲ್ಲಿ ಬರುತ್ತೆ. ನಮ್ಮ ಹಳೇ ಆದಾಯ ಹಾಕಿದಾಗ 17 ಸಾವಿರ ಚಿಲ್ಲರೆ ಬಂತು, ನನ್ನ ಸಂಬಳ ಒಂದನ್ನೇ ಹಾಕಿದಾಗ 9 ಸಾವಿರ ಚಿಲ್ಲರೆ. ನೋಡಿ ಎದೆ ಧಸಕ್ ಅಂತು, ಯೂನಿಟ್ಟಿಗೆ (ಕ್ಲಾಸುಗಳನ್ನ ಅಳೆಯೋ ಲೆಕ್ಕ, ಕ್ರೆಡಿಟ್ ಥರ) 46 ಡಾಲರ್ ಫೀಸಿರೋ ಕಾಲೇಜಿಗೆ 17 ಸಾವಿರ ಹೇಗಾಗುತ್ತೆ? ಆಮೇಲೆ ಗೊತ್ತಾಯ್ತು, ಅದರಲ್ಲಿ ಊಟ, ವಸತಿ, ಓಡಾಟ, ಕೈಖರ್ಚು ಎಲ್ಲಾ ಸೇರಿಸಿರ್ತಾರೆ, ಮನೇಲೇ ಇರೋ ಹುಡುಗಿಗೂ ಊಟ ವಸತಿಗೆ ಅಂತ ಸಾವಿರಾರು ಡಾಲರ್ ಹಿಡೀತಾರೆ. ಅವಳು ಮನೇಲಿ ತಿನ್ನೋ ಅನ್ನ ಸಾರಿಗೆ ನಾನೇನು ಹೊಸದಾಗಿ ಚೆಕ್ ಬರೀಬೇಕಾಗಿಲ್ವಲ್ಲ. ಇನ್ನೊಂದು ವಿಷಯ, ಪರದೆ ಕೆಳಗೆ ಸಣ್ಣ ಅಕ್ಷರದಲ್ಲಿ ವರ್ಷ ಬರೆದಿತ್ತು, ಅದು ಎರಡು ವರ್ಷ ಹಿಂದಿನ ಅಂಕಿ. ಕಳೆಯೋ ಗ್ರಾಂಟು ಕೂಡ ನಮ್ಮದಲ್ಲ, ಆ ಆದಾಯದ ಗುಂಪಿನ ಮಕ್ಕಳಿಗೆ ಹಿಂದೆ ಸಿಕ್ಕಿದ್ದರ ಒಂದು ಮಟ್ಟ, ಅಷ್ಟೇ. ಎರಡು ಕಾಲೇಜು ಪಕ್ಕಪಕ್ಕ ಇಟ್ಟು ನೋಡೋಕೆ ಪರ್ವಾಗಿಲ್ಲ, ಮನೆ ಬಜೆಟ್ ಮಾಡೋಕೆ ಸಾಲಲ್ಲ.

ಎರಡನೇದು ಸರ್ಕಾರದ ಫೆಡರಲ್ ಸ್ಟೂಡೆಂಟ್ ಏಡ್ ಎಸ್ಟಿಮೇಟರ್. ಫ್ಯಾಫ್ಸಾ (ಫೆಡರಲ್ ಸಹಾಯದ ಅರ್ಜಿ) ತುಂಬೋಕೆ ಮುಂಚೆ ನಿಮ್ಮ ಎಸ್‌ಎಐ (ಆದಾಯ ಆಸ್ತಿ ನೋಡಿ ಮನೆಯವರ ಶಕ್ತಿ ಎಷ್ಟು ಅಂತ ಹಾಕೋ ನಂಬರ್) ಎಷ್ಟು ಬರ್ಬೋದು, ಪೆಲ್ ಗ್ರಾಂಟ್ (ವಾಪಸ್ ಕಟ್ಟಬೇಕಿಲ್ಲದ ಫೆಡರಲ್ ಸಹಾಯ) ಎಷ್ಟು ಸಿಗ್ಬೋದು ಅಂತ ಇದು ಹೇಳುತ್ತೆ. ಹಿಂದೆ ಇಎಫ್‌ಸಿ ಅಂತಿತ್ತಲ್ಲ, 2024-25ರಿಂದ ಅದರ ಜಾಗಕ್ಕೆ ಎಸ್‌ಎಐ ಬಂದಿದೆ, ಇದು ಮೈನಸ್ 1,500 ತನಕ ಇಳಿಯುತ್ತೆ. ಕಾಲೇಜು ಹೇಳೋ ಒಟ್ಟು ಖರ್ಚಲ್ಲಿ ಈ ನಂಬರ್ ಕಳೆದ್ರೆ ಉಳಿಯೋದೇ ನಿಮ್ಮ ಅಗತ್ಯ, ಅಂದ್ರೆ ನೀಡ್. ನೆನಪಿಟ್ಕೊಳ್ಳಿ, ಎಸ್‌ಎಐ ಅಂದ್ರೆ ನೀವು ಕಟ್ಟಬೇಕಾದ ಬಿಲ್ ಅಲ್ಲ. ನಾನು ಮೊದಲ ದಿನ ಹಾಗೇ ಅಂದ್ಕೊಂಡು ಹೆದರಿದ್ದೆ.

ಇಲ್ಲಿ ಕೂತ್ಕೊಂಡು ತುಂಬ್ಬೇಕು, ಟ್ಯಾಕ್ಸ್ ರಿಟರ್ನ್ ಪಕ್ಕದಲ್ಲಿರ್ಲಿ. 2025-26ಕ್ಕೆ ಕೇಳೋದು 2023ರ ಆದಾಯ, ಇದೇ ನಮಗೆ ಮುಳ್ಳಾಗಿದ್ದು. 2023ರಲ್ಲಿ ಇಬ್ಬರದೂ ಸೇರಿ 1,45,000 ಡಾಲರ್ ಇತ್ತು, ಎಸ್‌ಎಐ 24 ಸಾವಿರದ ಆಸುಪಾಸು ಬಂತು. ಒಟ್ಟು ಖರ್ಚು ಸುಮಾರು 18 ಸಾವಿರ ಅಂತ ಕಾಲೇಜು ಹೇಳಿತ್ತು, ಅಂದ್ರೆ ಅಗತ್ಯ ಸೊನ್ನೆ, ಪೆಲ್ಲೂ ಸೊನ್ನೆ. ಅದೇ ಜಾಗದಲ್ಲಿ ನನ್ನೊಬ್ಬಳ 48 ಸಾವಿರ ಹಾಕಿದಾಗ ಪೂರ್ತಿ ಪೆಲ್, 7,395 ಡಾಲರ್. ಒಂದೇ ಮನೆ, ಎರಡು ವರ್ಷದ ಅಂತರ, ಅಷ್ಟೇ ವ್ಯತ್ಯಾಸ.

ಆಸ್ತಿ ಕಾಲಂ ಬಗ್ಗೆ ನಮ್ಮ ಜನಕ್ಕೆ ಒಂದು ಮಾತು ಹೇಳ್ಲೇಬೇಕು. ನೀವು ವಾಸ ಇರೋ ಮನೆ, 401ಕೆ (ನಿವೃತ್ತಿಗೆ ಕೂಡಿಡೋ ದುಡ್ಡು) ಇವೆರಡೂ ಲೆಕ್ಕಕ್ಕಿಲ್ಲ. ಆದ್ರೆ ಊರಲ್ಲಿ ತಗೊಂಡಿರೋ ಸೈಟು ಲೆಕ್ಕಕ್ಕೆ ಬರುತ್ತೆ! ನಮ್ಮನೆಯವರ ಹೆಸರಲ್ಲಿ ಹಾಸನದಲ್ಲೊಂದು ಸೈಟಿದೆ, ಅದನ್ನ ಹಾಕ್ಬೇಕು ಅಂತ ನನಗೆ ಹೊಳೆದೇ ಇರ್ಲಿಲ್ಲ. ಇವತ್ತಿನ ಬೆಲೆ ಡಾಲರಲ್ಲಿ 35 ಸಾವಿರ ಅಂತ ಹಾಕಿದ್ರೆ ಎಸ್‌ಎಐ ಹೆಚ್ಚುಕಮ್ಮಿ 2 ಸಾವಿರ ಜಾಸ್ತಿ ಆಯ್ತು. ಬಿಟ್ಟುಬಿಡೋಣ ಅಂತ ಯಾರಾದ್ರೂ ಹೇಳಿದ್ರೆ ಕೇಳ್ಬೇಡಿ, ಫ್ಯಾಫ್ಸಾಗೆ ಸಹಿ ಹಾಕೋದು ನೀವು. ಮನೇಲಿ ಇಬ್ಬರು ಮಕ್ಕಳು ಒಟ್ಟಿಗೆ ಕಾಲೇಜಿಗೆ ಹೋದ್ರೆ ಮೊದಲೆಲ್ಲ ಭಾರ ಅರ್ಧ ಆಗ್ತಿತ್ತು, ಆ ಅನುಕೂಲ ಈಗ ಎಸ್‌ಎಐ ಲೆಕ್ಕದಲ್ಲಿ ಇಲ್ಲ.

ಮೂರನೇದು ನೋಟ್‌ಬುಕ್. ಇದಕ್ಕೆ ಒಂದು ಭಾನುವಾರ ಪೂರ್ತಿ ಹೋಯ್ತು, ಮಗಳೂ ಪಕ್ಕದಲ್ಲಿ ಕೂತಿದ್ಲು, ಕೈಯಿಂದ ನಿಜವಾಗ್ಲೂ ಹೊಸದಾಗಿ ಹೋಗೋ ದುಡ್ಡು ಮಾತ್ರ ಬರೆಯೋದು ಅಂತ ರೂಲ್ ಮಾಡ್ಕೊಂಡ್ವಿ. ಫೀಸು ಸೆಮಿಸ್ಟರ್‌ಗೆ 15 ಯೂನಿಟ್, ಎರಡು ಸೆಮಿಸ್ಟರ್, 46ರಿಂದ ಗುಣಿಸಿದ್ರೆ 1,380. ಹೆಲ್ತ್ ಫೀ ಅದೂ ಇದೂ ಸೇರಿ 70. ಪಾರ್ಕಿಂಗ್ 80. ಪುಸ್ತಕಕ್ಕೆ ಬಂದಾಗ ಸುಮ್ನೆ ಸಾವಿರ ಅಂತ ಬರೀದೆ ಅವಳು ಒಂದೊಂದು ಕ್ಲಾಸಿಗೂ ಪಟ್ಟಿ ತೆಗೆದು ನೋಡಿದ್ಲು. ಕೆಲವು ಕ್ಲಾಸಿನ ಮುಂದೆ ಝೀರೋ ಟೆಕ್ಸ್ಟ್‌ಬುಕ್ ಕಾಸ್ಟ್ ಅಂತ ಗುರುತಿರುತ್ತೆ, ಅಲ್ಲಿ ಪುಸ್ತಕಕ್ಕೆ ಒಂದು ಪೈಸೆ ಬೇಡ. ಕೆಮಿಸ್ಟ್ರಿಗೆ ಮಾತ್ರ ಹೋಮ್‌ವರ್ಕ್ ಆಕ್ಸೆಸ್ ಕೋಡ್ ಬೇಕಿತ್ತು, ಅದು ಸೆಕೆಂಡ್‌ಹ್ಯಾಂಡ್ ಸಿಗಲ್ಲ. ಎಲ್ಲಾ ಸೇರಿ 420. ಪೆಟ್ರೋಲಿಗೆ ಹೋಗಿ ಬರೋಕೆ 22 ಮೈಲಿ, ವಾರಕ್ಕೆ ನಾಕು ದಿನ, 32 ವಾರ, 470 ಡಾಲರ್. ಲ್ಯಾಪ್‌ಟಾಪ್ 650, ಹೊರಗಿನ ಊಟ ಕಾಫಿ ಕೈಖರ್ಚು 900.

ಇನ್ನು ಕಾರಿನ ಇನ್ಶೂರೆನ್ಸ್. 18 ವರ್ಷದ ಹುಡುಗಿನ ನಮ್ಮ ಪಾಲಿಸಿಗೆ ಸೇರ್ಸಿದ್ರೆ ವರ್ಷಕ್ಕೆ 1,900 ಡಾಲರ್ ಜಾಸ್ತಿ ಅಂತ ಕೋಟ್ ಬಂತು. ಪೆನ್ನು ಕೆಳಗಿಟ್ಟೆ. ಇಡೀ ವರ್ಷದ ಕಾಲೇಜ್ ಫೀಸಿಗಿಂತ ಹೆಚ್ಚು, ಆದ್ರೆ ಆ ಎರಡು ಕಡೆ ಎಲ್ಲೂ ಇದಕ್ಕೆ ಬೇರೆ ಸಾಲು ಇರ್ಲಿಲ್ಲ. ಬಸ್ಸಲ್ಲಿ ಹೋಗ್ತೀನಿ ಅಂದ್ಲು, ರೂಟ್ ನೋಡಿದ್ರೆ ಒಂದು ಕಡೆಗೆ ಒಂದೂಮುಕ್ಕಾಲು ಗಂಟೆ, ಎರಡು ಬಸ್ ಬದಲಾಯಿಸ್ಬೇಕು, ಸಂಜೆ ಲ್ಯಾಬ್ ಮುಗಿಯೋ ಹೊತ್ತಿಗೆ ಕೊನೇ ಬಸ್ಸೂ ಹೋಗಿರುತ್ತೆ. ಸೇರ್ಸಿದ್ವಿ. ಒಟ್ಟು 5,870.

ಯಾವುದು ಮೇಲು ಅಂದ್ರೆ, ಮನೇಲಿ ದುಡ್ಡು ಹೊಂದಿಸೋಕೆ ನಾನು ಕಣ್ಮುಚ್ಚಿ ನೋಟ್‌ಬುಕ್ ಅಂತೀನಿ. ಆದ್ರೆ ನೋಟ್‌ಬುಕ್ಕಿಗೆ ಸಹಾಯ ಎಷ್ಟು ಬರುತ್ತೆ ಅಂತ ಗೊತ್ತಿಲ್ಲ, ಅದಕ್ಕೆ ಎಸ್ಟಿಮೇಟರ್ ಬೇಕೇ ಬೇಕು, ಅದರಲ್ಲೂ ಎರಡು ಸಲ ಮಾಡ್ಬೇಕು, ಅವರು ಕೇಳೋ ವರ್ಷದ ಆದಾಯಕ್ಕೊಂದು ಸಲ, ಇವತ್ತಿನ ಆದಾಯಕ್ಕೊಂದು ಸಲ. ಎರಡರ ನಡುವೆ ದೊಡ್ಡ ಗ್ಯಾಪ್ ಇದ್ರೆ ಸುಮ್ನೆ ಕೂರ್ಬೇಡಿ, ಫೈನಾನ್ಶಿಯಲ್ ಏಡ್ ಆಫೀಸಿಗೆ ಹೋಗಿ.

ನಾನು ಎರಡೂ ಪ್ರಿಂಟ್ ತಗೊಂಡು ಹೋಗಿದ್ದೆ. ಕೌಂಟರಲ್ಲಿದ್ದ ಹೆಣ್ಣುಮಗಳು ತುಂಬಾ ಸಮಾಧಾನದಿಂದ ಹೇಳಿದ್ರು, ಮೊದಲು 2023ರದ್ದೇ ಹಾಕಿ ಫ್ಯಾಫ್ಸಾ ಕಳ್ಸಿ, ಆಮೇಲೆ ಪ್ರೊಫೆಶನಲ್ ಜಡ್ಜ್‌ಮೆಂಟ್ ಅಂತ ಬೇರೆ ಫಾರ್ಮ್ ಇದೆ (ಆದಾಯ ಬದಲಾಗಿದೆ, ಮತ್ತೆ ಲೆಕ್ಕ ನೋಡಿ ಅಂತ ಕೇಳೋದು) ಅದನ್ನ ಕೊಡಿ ಅಂತ. ಕೆಲಸದಿಂದ ತೆಗೆದ ಪತ್ರ, ಕೊನೇ ಪೇ ಸ್ಟಬ್, ನಿರುದ್ಯೋಗ ಭತ್ಯೆಯ ಕಾಗದ ಕೊಟ್ವಿ. ಆರು ವಾರ ಕಾದ್ವಿ. ಎಸ್‌ಎಐ ಇಳಿಸಿದ್ರು, ಪೂರ್ತಿ ಪೆಲ್ ಬಂತು, ಕ್ಯಾಲಿಫೋರ್ನಿಯಾ ಕಾಲೇಜ್ ಪ್ರಾಮಿಸ್ ಗ್ರಾಂಟಿಂದ ಯೂನಿಟ್ ಫೀಸೂ ಮಾಫ್ ಆಯ್ತು. ನೋಟ್‌ಬುಕ್ಕಲ್ಲಿ 1,380 ಹೊಡೆದು ಹಾಕಿದ್ರೆ ಉಳಿದಿದ್ದು 4,490, ಪೆಲ್ಲಲ್ಲಿ ಅದು ಪೂರ್ತಿ ನಡೆಯುತ್ತೆ. ಮಿಕ್ಕಿದ್ದು ಅವಳ ಅಕೌಂಟಲ್ಲೇ ಇದೆ, ಟ್ರಾನ್ಸ್‌ಫರ್ ಹೊತ್ತಿಗೆ ಬೇಕಾಗುತ್ತೆ.

ಎಚ್-4ನಲ್ಲಿರೋ (ಎಚ್-1ಬಿ ಕೆಲಸದ ವೀಸಾದವರ ಮನೆಯವರಿಗೆ ಸಿಗೋ ವೀಸಾ) ಮಕ್ಕಳಿಗೆ ಇದು ಹೀಗೇ ನಡೆಯಲ್ಲ. ಫೆಡರಲ್ ಸಹಾಯಕ್ಕೆ ನೋಡೋದು ಮಕ್ಕಳ ಸ್ಟೇಟಸ್, ಅಪ್ಪ ಅಮ್ಮನದಲ್ಲ. ಮಗು ಇಲ್ಲೇ ಹುಟ್ಟಿ ನೀವು ಎಚ್-1ಬಿ ಆಗಿದ್ರೆ ಧಾರಾಳವಾಗಿ ಹಾಕಿ, ಮಗೂನೇ ಎಚ್-4 ಆದ್ರೆ ಪೆಲ್ ಸಿಗಲ್ಲ. ಆದ್ರೂ ಕ್ಯಾಲಿಫೋರ್ನಿಯಾದಲ್ಲಿ ವರ್ಷದ ಮೇಲೆ ಒಂದು ದಿನ ವಾಸ ತೋರ್ಸಿದ್ರೆ ರೆಸಿಡೆಂಟ್ ಫೀಸು ಸಿಗೋಕೆ ದಾರಿ ಇದೆ, ಇಲ್ದಿದ್ರೆ ಬಹಳಷ್ಟು ಕಡೆ ಯೂನಿಟ್ಟಿಗೆ 300 ಡಾಲರ್ ದಾಟುತ್ತೆ, ನೋಟ್‌ಬುಕ್ಕಿನ ಮೊದಲ ಸಾಲೇ ಬದಲಾಗುತ್ತೆ. ಆದಾಯ ಚೆನ್ನಾಗಿದ್ದು ಯಾವ ಗ್ರಾಂಟೂ ಸಿಗದೋರು ಟ್ಯಾಕ್ಸ್ ತುಂಬುವಾಗ ಅಮೆರಿಕನ್ ಆಪರ್ಚುನಿಟಿ ಕ್ರೆಡಿಟ್ (ಕಾಲೇಜ್ ಖರ್ಚಿಗೆ ಟ್ಯಾಕ್ಸಲ್ಲಿ ಸಿಗೋ ಕಡಿತ) ಮರೀಬೇಡಿ, ಜಂಟಿ ಆದಾಯ 1,60,000ದ ಒಳಗಿದ್ರೆ ಕೈಯಿಂದ ಕಟ್ಟಿದ ಫೀಸು ಪುಸ್ತಕದ ಮೊದಲ 2,000 ಡಾಲರ್ ಪೂರ್ತಿ ಕ್ರೆಡಿಟ್ಟಿಗೆ ಬರುತ್ತೆ. ನಾನು ಬಳಸಿದ ಯಾವ ಕ್ಯಾಲ್ಕುಲೇಟರಲ್ಲೂ ಇದು ಕಾಣಿಸ್ಲಿಲ್ಲ.

ಕೊನೆಗೆ ಅವಳು ಮೊದಲ ಸೆಮಿಸ್ಟರ್‌ಗೆ ತಗೊಂಡಿದ್ದು 13 ಯೂನಿಟ್. ಎರಡನೇ ವಾರದಲ್ಲಿ ಮ್ಯಾತ್ಸ್ ಕಷ್ಟ ಆಗ್ತಿದೆ ಬಿಟ್ಬಿಡ್ಲಾ ಅಂತ ಕೇಳಿದ್ಲು. ನೋಟ್‌ಬುಕ್ ತೆಗೆದ್ವಿ. 13ರಲ್ಲಿ 4 ಹೋದ್ರೆ 9, ಈಗ ಪೆಲ್ ಯೂನಿಟ್ ಲೆಕ್ಕದಲ್ಲೇ ಇಳಿಯುತ್ತೆ, 12ಕ್ಕೆ ಪೂರ್ತಿ ಆದ್ರೆ 9ಕ್ಕೆ ಮುಕ್ಕಾಲು, ಅಂದ್ರೆ ಆ ಸೆಮಿಸ್ಟರ್ ಒಂದರಲ್ಲೇ 900ಕ್ಕಿಂತ ಹೆಚ್ಚು ಡಾಲರ್ ಕಮ್ಮಿ. ಸ್ವಲ್ಪ ಹೊತ್ತು ಪುಟ ನೋಡ್ತಾ ಕೂತಿದ್ಲು, ಆಮೇಲೆ ಕಾಲೇಜಿನ ಟ್ಯೂಟರಿಂಗ್ ಸೆಂಟರಲ್ಲಿ ಮಂಗಳವಾರ ಗುರುವಾರ ಸಂಜೆ ಹೆಸರು ಬರೆಸಿದ್ಲು, ಅದು ಫ್ರೀ.