ಕಾಡೆಮ್ಮೆಗೆಂದು ಹಾಕಿದ ಸೋಲಾರ್ ಬೇಲಿ: ಎರಡು ಮಳೆಗಾಲ ಕಳೆದ ಮೇಲೆ

ಶಿರಸಿ ಹತ್ತಿರ ನಮ್ಮದು ಎರಡು ಎಕರೆ ಅಡಿಕೆ ತೋಟ. ಮೂರು ಬದಿ ಬೆಟ್ಟ, ಒಂದು ಬದಿ ಹಳ್ಳ. ಐದು ಎಳೆ ತಂತಿ, ಕಬ್ಬಿಣದ ಕಂಬ, ಎನರ್ಜೈಸರ್ (ತಂತಿಗೆ ಶಾಕ್ ಬಿಡುವ ಪೆಟ್ಟಿಗೆ), ಬ್ಯಾಟರಿ, ಪ್ಯಾನೆಲ್ ಎಲ್ಲ ಸೇರಿ 52 ಸಾವಿರ ಬಿತ್ತು. ಹಾಕಿಸಬೇಕೆಂದಿರುವ ನೆಂಟರು, ನೆರೆಯವರು ಕೇಳುತ್ತಲೇ ಇರುವುದರಿಂದ ಕಂಡದ್ದನ್ನೆಲ್ಲ ಇಲ್ಲಿ ಬರೆಯುತ್ತಿದ್ದೇನೆ.

ಬೇಲಿ ಬೇಕಾದದ್ದು ಕಾಡೆಮ್ಮೆ ದೆಸೆಯಿಂದ. ಮೂರು ವರ್ಷ ಸಾಕಿದ ಅಡಿಕೆ ಸಸಿಗಳಲ್ಲಿ ಒಂದೇ ರಾತ್ರಿ ನಲವತ್ತು ನೆಲಕ್ಕೆ ಬಿದ್ದವು. ಅವತ್ತು ನನಗೂ ಕೆಟ್ಟ ಯೋಚನೆ ಬಂದದ್ದು ನಿಜ. ಕಂಬದ ಲೈನಿನಿಂದ ತಂತಿಗೆ ಕರೆಂಟ್ ಬಿಟ್ಟರೆ ಖರ್ಚಿಲ್ಲ ಎಂದು ಹೇಳಿಕೊಡುವವರು ಎಲ್ಲ ಊರಲ್ಲೂ ಇದ್ದಾರೆ. ಅಪ್ಪ ಒಂದೇ ಮಾತು ಹೇಳಿದ: "ಬ್ಯಾಡ ತಮಾ, ಅದ್ಕೂ ಕರು ಇದ್ದು."

ಆ ಮಾತಿನ ತೂಕ ತಿಳಿದದ್ದು ಆ ವರ್ಷವೇ. ಆಚೆ ಊರಿನ ಒಂದು ತೋಟದಲ್ಲಿ ಹಾಗೆ ಬಿಟ್ಟ ಕರೆಂಟಿಗೆ ಒಂದು ಹೆಣ್ಣು ಕಾಡೆಮ್ಮೆ ಸತ್ತಿತ್ತು. ನೋಡಲು ಹೋಗಿದ್ದೆ. ಮೊಣಕಾಲಿನಿಂದ ಕೆಳಗೆ ಬೆಳ್ಳಗಿನ ಕಾಲು ಸೆಟೆದು ನಿಂತಿದ್ದವು. ಕೆಚ್ಚಲು ಬಿಗಿದಿತ್ತು, ಒಂದು ಮೊಲೆಯ ತುದಿಯಲ್ಲಿ ಹಾಲು ಹನಿಯಾಗಿ ಒಣಗಿತ್ತು. ಕರು ಎಲ್ಲಿ ಹೋಯಿತೋ ಯಾರಿಗೂ ಕಾಣಲಿಲ್ಲ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಲ್ಲಿ ಕಾಡೆಮ್ಮೆ ಇರುವುದು ಮೊದಲ ಪರಿಚ್ಛೇದದಲ್ಲಿ, ಆನೆ ಹುಲಿಗಳ ಜೊತೆ. ಕೊಂದರೆ ಕನಿಷ್ಠ 3 ವರ್ಷ ಜೈಲು. ಕಾನೂನು ಅಷ್ಟು ಗಟ್ಟಿಯಿದ್ದರೂ ರಾತ್ರಿ ಹೊತ್ತು ತೋಟದಲ್ಲಿ ಅದನ್ನು ಕಾಯುವವರು ಯಾರು?

ನಮ್ಮ ಜಿಲ್ಲೆಗೆ ಕಾಡಿನ ರಕ್ಷಣೆ ಹೊಸತಲ್ಲ. ದಾಂಡೇಲಿ ಅಭಯಾರಣ್ಯವಾದದ್ದು 1956ರಲ್ಲಿ, ಅಣಶಿ ರಾಷ್ಟ್ರೀಯ ಉದ್ಯಾನವಾದದ್ದು 1987ರಲ್ಲಿ. ಎರಡೂ ಸೇರಿ 2007ರಲ್ಲಿ ಹುಲಿ ಮೀಸಲು ಪ್ರದೇಶವಾಯಿತು, 2015ರಲ್ಲಿ ಅದಕ್ಕೆ ಕಾಳಿ ಎಂದು ಹೆಸರು ಬಂತು. ಆದರೆ ಆ ಬೋರ್ಡು ಇರುವಲ್ಲಿಗೆ ಪ್ರಾಣಿ ನಿಲ್ಲುವುದಿಲ್ಲ. ಭತ್ತ ಬಲಿಯುವ ಹೊತ್ತಿಗೆ ಆನೆಗಳು ಹಳಿಯಾಳ, ಮುಂಡಗೋಡ ಕಡೆಯ ಗದ್ದೆಗಳಿಗೆ ಇಳಿಯುತ್ತವೆ. ಉದ್ಯಾನದ ಗಡಿ ದಾಟಿದ ಮೇಲೆ ಅವುಗಳ ಜೀವ ಇರುವುದು ನಾವು ಯಾವ ತಂತಿ ಕಟ್ಟುತ್ತೇವೆ ಎನ್ನುವುದರ ಮೇಲೆ.

ಸೋಲಾರ್ ಬೇಲಿ ಕೊಲ್ಲುವುದಿಲ್ಲ. ವೋಲ್ಟೇಜ್ ಸಾವಿರಗಟ್ಟಲೆ ಇದ್ದರೂ ಕರೆಂಟ್ ಹರಿಯುವುದು ಸೆಕೆಂಡಿಗೊಮ್ಮೆ, ಅದೂ ಕಣ್ಣು ಮಿಟುಕಿಸುವುದರೊಳಗೆ ಮುಗಿಯುತ್ತದೆ. ಮುಟ್ಟಿದ ಜೀವಕ್ಕೆ ಹಿಂದೆ ಸರಿಯಲು ಸಮಯ ಸಿಗುತ್ತದೆ. ನಾನೇ ಮುಟ್ಟಿ ನೋಡಿದ್ದೇನೆ. ಮೊಣಕೈಗೆ ಯಾರೋ ಕೋಲಿನಿಂದ ಬಾರಿಸಿದ ಹಾಗಾಯಿತು, ಅಷ್ಟೇ. ಹಾಕಿಸಿದ ನಾಲ್ಕನೇ ದಿನ ಬೆಳಿಗ್ಗೆ ನೋಡಿದರೆ ಬೆಟ್ಟದಿಂದ ಇಳಿದ ಗೊರಸಿನ ಗುರುತು ತಂತಿಯವರೆಗೆ ಬಂದು, ಅಲ್ಲೇ ಮಣ್ಣು ಕೆದರಿ, ತಿರುಗಿ ಹೋಗಿತ್ತು. ಆಮೇಲೆ ಒಂದು ಸಸಿಯೂ ಹೋಗಲಿಲ್ಲ, ಮಧ್ಯೆ ಹನ್ನೆರಡು ದಿನ ಬಿಟ್ಟು.

ಆ ಹನ್ನೆರಡು ದಿನ ಶ್ರಾವಣದಲ್ಲಿ. ಎನರ್ಜೈಸರ್ ಕೆಟ್ಟಿತು. ಹಾಕಿಕೊಟ್ಟವರು ನಾಳೆ, ನಾಡಿದ್ದು ಎನ್ನುತ್ತಲೇ ಕಳೆದರು. ಅಷ್ಟರಲ್ಲಿ ಬಾಳೆಯೆಲ್ಲ ಹೋಯಿತು. ಅದಕ್ಕಿಂತ ದೊಡ್ಡ ತಪ್ಪು ಅರ್ಥಿಂಗಿನದು, ಅಂದರೆ ಕರೆಂಟ್ ನೆಲದ ಮೂಲಕ ತಿರುಗಿ ಬರಲೆಂದು ಹುಗಿಯುವ ಸಲಾಕೆಯದು. ಅವರು ಹುಗಿದದ್ದು ಒಂದೇ ಸಲಾಕೆ, ಅದೂ ಚಿರೇಕಲ್ಲಿನ ಒಣನೆಲದಲ್ಲಿ. ಮಳೆಗಾಲದಲ್ಲಿ ಗೊತ್ತಾಗಲಿಲ್ಲ. ಮಾರ್ಚಿನಲ್ಲಿ ನೆಲ ಒಣಗಿದಾಗ ಶಾಕ್ ಸತ್ತೇ ಹೋಗಿತ್ತು. ಹಳ್ಳದ ಬದಿಯ ತಂಪು ಮಣ್ಣಿನಲ್ಲಿ ಮೂರು ಸಲಾಕೆ ಹುಗಿಸಿದ ಮೇಲೆ ಸರಿಯಾಯಿತು. ತಂತಿಯಲ್ಲಿ ಶಾಕ್ ಇದೆಯೇ ಎಂದು ನೋಡುವ ಟೆಸ್ಟರ್ ಒಂದನ್ನು ಬೇಲಿಯ ಜೊತೆಗೇ ಕೇಳಿ ತೆಗೆದುಕೊಳ್ಳಿ.

ಮಳೆಗಾಲದಲ್ಲಿ ಕೆಲಸ ಹೆಚ್ಚು. ವಾರಕ್ಕೊಮ್ಮೆ ತಂತಿಯ ಕೆಳಗಿನ ಹುಲ್ಲು ಸವರಬೇಕು. ಒಂದು ಹಸಿ ಸೋಗೆ ತಂತಿ ಮೇಲೆ ಬಿದ್ದರೂ ಕರೆಂಟ್ ನೆಲಕ್ಕಿಳಿದುಹೋಗುತ್ತದೆ. ರಾತ್ರಿ ಜಗಲಿಗೆ ಬಂದು ಕಿವಿಗೊಟ್ಟರೆ ಚಟ್ ಚಟ್ ಎಂದು ಕೇಳುತ್ತದೆ, ಟಾರ್ಚ್ ಹಿಡಿದು ಹೋಗಿ ತೆಗೆದು ಬರುತ್ತೇನೆ. ಬಿಸಿಲಿಲ್ಲದ ವಾರಗಳಲ್ಲಿ ಮನೆಯ ಚಾರ್ಜರ್ ಬೇಕಾಗುತ್ತದೆ. ಮಂಗಗಳಿಗೆ ಈ ಬೇಲಿ ಲೆಕ್ಕಕ್ಕೇ ಇಲ್ಲ, ಮರದಿಂದ ಮರಕ್ಕೆ ಬರುತ್ತವೆ.

ಬೆಟ್ಟವನ್ನೂ ಸೇರಿಸಿ ಸುತ್ತು ಹಾಕಿಸಿ, ದರ ಕಡಿಮೆ ಮಾಡುತ್ತೇವೆ ಎಂದಿದ್ದರು. ಒಪ್ಪಲಿಲ್ಲ. ಬೆಟ್ಟ ನಮಗೆ ಸೊಪ್ಪಿಗೆಂದು ಬಿಟ್ಟದ್ದು, ಅದು ಅರಣ್ಯ ಭೂಮಿ. ಅದನ್ನು ಮುಚ್ಚಿದರೆ ಕಾಡೆಮ್ಮೆಗಳು ಹಳ್ಳಕ್ಕೆ ನೀರಿಗೆ ಬರುವ ದಾರಿಯೇ ಇಲ್ಲವಾಗುತ್ತಿತ್ತು. ತೋಟದ ಅಂಚಿಗೇ ತಂತಿ ನಿಲ್ಲಿಸಿದೆ. ಈಗ ಅವು ಆಚೆ ದಂಡೆಯಿಂದ ನೀರು ಕುಡಿದು ಹೋಗುತ್ತವೆ.

ಬರುವ ಮಳೆಗಾಲದೊಳಗೆ ಅಕ್ಕನ ತೋಟಕ್ಕೂ ಇದನ್ನೇ ಹಾಕಿಸುತ್ತಿದ್ದೇವೆ, ಬೇರೆಯವರ ಕೈಲಿ. ಅರ್ಥಿಂಗ್ ಸಲಾಕೆ ಮಾತ್ರ ನಾನೇ ನಿಂತು ಹುಗಿಸುತ್ತೇನೆ.