ಎರಡೂ ತೂತಲ್ಲಿ ಫೇಸ್: ಟೆಸ್ಟರ್, ಪೆನ್, ಮೀಟರ್, ಬಲ್ಬ್

ಮೇ ತಿಂಗಳು, ರಾಯಚೂರು, ಮಧ್ಯಾಹ್ನ ಎರಡು ಗಂಟೆ. ಕೂಲರ್ ನಿಂತುಹೋಯಿತು. ಸಾಕೆಟ್‌ಗೆ ಟೆಸ್ಟರ್ ಹಾಕಿದೆ. ಫೇಸ್, ಅಂದರೆ ಕರೆಂಟ್ ಬರುವ ವೈರ್, ಇರುವ ಬಲಗಡೆ ತೂತಲ್ಲಿ ಕೆಂಪಗೆ ಉರಿಯಿತು, ಉರಿಯಬಾರದ ಎಡಗಡೆಯಲ್ಲೂ ಉರಿಯಿತು! ಪಕ್ಕದ ಮನೆ ಅಣ್ಣ ಬಂದು ನೋಡಿ, "ಎರಡೂ ಕಡಿ ಫೇಸ್ ಬರಾಕತ್ತೈತ್ರಿ, ಕಂಬದಾಗ ಏನೋ ಕೆಟ್ಟೈತಿ" ಅಂದರು.

ಕಂಬದಲ್ಲಿ ಏನೂ ಕೆಟ್ಟಿರಲಿಲ್ಲ. ಆ ಲೈನಿನಲ್ಲಿ ಟ್ಯೂಬ್‌ಲೈಟ್ ಸ್ವಿಚ್ ಆನ್ ಇತ್ತು, ಲೈಟ್ ಮಾತ್ರ ಸತ್ತಿತ್ತು. ಅದನ್ನು ಆಫ್ ಮಾಡಿದ ಕೂಡಲೇ ಎಡಗಡೆ ತೂತು ಆರಿತು. ಅಂದರೆ ನ್ಯೂಟ್ರಲ್ (ಕರೆಂಟ್ ವಾಪಸ್ ಹೋಗುವ ವೈರ್) ಎಲ್ಲೋ ಕಿತ್ತುಹೋಗಿದೆ, ಫೇಸ್ ಟ್ಯೂಬ್‌ಲೈಟಿನೊಳಗಿಂದ ಸುತ್ತಿಕೊಂಡು ನ್ಯೂಟ್ರಲ್ ವೈರಿಗೆ ಬರುತ್ತಿದೆ. ಜಂಕ್ಷನ್ ಬಾಕ್ಸ್ ತೆಗೆದರೆ ಸುಟ್ಟು ಕರ್ರಗಾದ ಒಂದು ಗಂಟು ಸಿಕ್ಕಿತು.

ಟೆಸ್ಟರ್ ಸುಳ್ಳು ಹೇಳಲಿಲ್ಲ ಬಿಡಿ. ಅದರೊಳಗಿನ ನಿಯಾನ್ ದೀಪಕ್ಕೆ ಚೂರೇ ಚೂರು ಕರೆಂಟ್ ಸಾಕು, ಅದು ನಮ್ಮ ಬೆರಳಿನಿಂದ ಮೈಮೂಲಕ ನೆಲಕ್ಕೆ ಹೋಗುತ್ತದೆ. ರಬ್ಬರ್ ಚಪ್ಪಲಿ ಹಾಕಿ ಮರದ ಸ್ಟೂಲ್ ಹತ್ತಿದರೆ ಮಂಕಾಗುತ್ತದೆ. ಅಂಗಳದ ಮೀಟರ್ ಬೋರ್ಡಿನಲ್ಲಿ, ನಮ್ಮೂರ ಬಿಸಿಲಲ್ಲಿ, ಉರಿದರೂ ಕಾಣುವುದಿಲ್ಲ. ನಾನು ಅಂಗೈ ಮರೆ ಮಾಡಿ ನೋಡುತ್ತೇನೆ. ಉರಿಯಲಿಲ್ಲ ಅಂತ ಕೈ ಹಾಕುವುದು ಮಾತ್ರ ಬೇಡ. ಕರೆಂಟ್ ಇರೋ ಪಾಯಿಂಟಿನಲ್ಲಿ ಮೊದಲೂ ಆಮೇಲೂ ಒಮ್ಮೆ ಪರೀಕ್ಷಿಸಿಕೊಳ್ಳಿ.

ಮುಟ್ಟದೇ ಪೀಂ ಪೀಂ ಅನ್ನುವ ಪೆನ್ನು ನನಗೆ ಅಷ್ಟು ಹಿಡಿಸಲಿಲ್ಲ. ಪಕ್ಕದ ವೈರಿನಲ್ಲಿ ಕರೆಂಟ್ ಇದ್ದರೂ ಕೂಗುತ್ತದೆ, ಕಬ್ಬಿಣದ ಪೈಪಿನೊಳಗೆ ಇದ್ದರೆ ಸುಮ್ನೆ ಇರುತ್ತದೆ.

ವೋಲ್ಟ್ ಅಳೆಯುವ ಕೈಮೀಟರ್ ಬುದ್ಧಿವಂತ. ಅವತ್ತು ಎರಡು ತೂತಿನ ನಡುವೆ ಸೊನ್ನೆ ಹತ್ತಿರ, ಪ್ರತಿಯೊಂದಕ್ಕೂ ಅರ್ತ್‌ಗೂ (ನೆಲಕ್ಕೆ ಜೋಡಿಸಿದ ವೈರಿಗೂ) ನಡುವೆ 230 ವೋಲ್ಟಿನ ಆಸುಪಾಸು ತೋರಿಸಿತು. ಇದೇ ಮೊದಲು ನೋಡಿದ್ದರೆ ಅರ್ಧ ಗಂಟೆ ಉಳಿಯುತ್ತಿತ್ತು. ಆದರೆ ಇದರದೂ ಒಂದು ಚಾಳಿ. ಗೀಸರ್‌ಗೆ ಎಳೆದಿಟ್ಟ, ಎಲ್ಲಿಗೂ ಸೇರಿಸದ ವೈರಿನಲ್ಲಿ 87 ವೋಲ್ಟ್ ತೋರಿಸಿತು. ಅದೇ ಪೈಪಿನೊಳಗೆ ಓಡುವ ಫೇಸ್ ವೈರಿನ ಪ್ರಭಾವ ಅಷ್ಟೇ. ಡಿಜಿಟಲ್ ಮೀಟರ್ ಒಳಗೆ ಸಾಮಾನ್ಯವಾಗಿ 10 ಮೆಗಾಓಮ್ ತಡೆ ಇರುವುದರಿಂದ ಕರೆಂಟ್ ಎಳೆಯುವುದೇ ಇಲ್ಲ ಅನ್ನಬಹುದು, ಹಾಗಾಗಿ ಈ ಭೂತವೂ ಕಾಣುತ್ತದೆ. ಮೀಟರ್ ಹಿಡಿದಿದ್ದ ಅದೇ ಎರಡು ತುದಿಗೆ ಒಂದು ಬಲ್ಬನ್ನೂ ಕೊಟ್ಟೆ, 87 ದಡಕ್ಕನೆ ಸೊನ್ನೆಗೆ ಇಳಿಯಿತು.

ಹಾಗಾಗಿ ನನ್ನ ಮೆಚ್ಚಿನದು ಹೋಲ್ಡರ್‌ಗೆ ಹಾಕಿದ ಹಳೇ 60 ವಾಟ್ ಬಲ್ಬ್. ಎಲ್‌ಇಡಿ ಬೇಡ, ಅದು ಭೂತಕ್ಕೂ ಮಿಣುಕುತ್ತದೆ. ಬಲ್ಬ್ ಉರಿದರೆ ಅಲ್ಲಿ ನಿಜವಾದ ಕರೆಂಟ್ ಇದೆ. ಉರಿಯದಿದ್ದರೆ? ಇಲ್ಲೇ ನಾನೂ ಎಡವಿದೆ. ಕೂಲರ್ ಮೈಮೇಲೆ ಕೈ ಇಟ್ಟರೆ ಜುಮ್ ಅನ್ನುತ್ತಿತ್ತು, ಅದರ ಮೈಗೂ ಅರ್ತ್‌ಗೂ ಕೊಟ್ಟ ಬಲ್ಬ್ ಉರಿಯಲಿಲ್ಲ, ಸರಿ ಇದೆ ಅಂದುಕೊಂಡೆ. 60 ವಾಟ್ ಬಲ್ಬ್ ಪೂರ್ತಿ ಉರಿಯಲು ಸುಮಾರು 260 ಮಿಲಿಆಂಪ್ ಬೇಕು. 30 ಮಿಲಿಆಂಪ್ ಸೋರಿದರೆ ಅದಕ್ಕೆ ಗೊತ್ತೇ ಆಗುವುದಿಲ್ಲ, ಮನುಷ್ಯನಿಗೆ ಮಾತ್ರ ಅಷ್ಟಿದ್ದರೂ ಜಾಸ್ತಿಯೇ. ಮೋಟಾರಿನಲ್ಲಿ ನೀರು ಹೋಗಿತ್ತು.

ಆಮೇಲೆ 30 ಮಿಲಿಆಂಪ್‌ನ ಆರ್‌ಸಿಸಿಬಿ, ಅಂದರೆ ಕರೆಂಟ್ ಸೋರಿದರೆ ತಾನೇ ಆಫ್ ಆಗುವ ಸ್ವಿಚ್, ಹಾಕಿಸಿದೆ. ಈಗ ಫೇಸ್‌ಗೂ ಅರ್ತ್‌ಗೂ ಬಲ್ಬ್ ಕೊಟ್ಟರೆ ಉರಿಯುವ ಮೊದಲೇ ಮನೆಯೆಲ್ಲ ಆಫ್. ಮನೆಯವಳು ಅಡುಗೆಮನೆಯಿಂದ ಕೂಗುತ್ತಾಳೆ: "ಮತ್ತ ಶುರು ಮಾಡಿದ್ರೇನ್ರಿ?"