ಫೈರ್‌ಫಾಕ್ಸ್‌ನ ರೀಡರ್ ವ್ಯೂ: ಕನ್ನಡದ ಓದಿಗೆ ಎಷ್ಟು ಒದಗುತ್ತದೆ?

ತೀರ್ಥಹಳ್ಳಿ ಸೀಮೆಯ ನಮ್ಮ ಮನೆಗೆ ಪತ್ರಿಕೆ ತಲುಪುವುದು ಬಸ್ಸಿನ ಮರ್ಜಿಯನ್ನು ಅವಲಂಬಿಸಿರುವುದರಿಂದ, ದಿನದ ಓದಿನ ಬಹುಪಾಲು ಕಂಪ್ಯೂಟರಿನಲ್ಲೇ ನಡೆಯುತ್ತದೆ. ಸಂಪಾದಕೀಯವಿರಲಿ, ಅಡಿಕೆಯ ಎಲೆಚುಕ್ಕಿ ರೋಗದ ಬಗ್ಗೆ ಕೃಷಿ ವಿಜ್ಞಾನಿಗಳು ಬರೆಯುವ ದೀರ್ಘ ಲೇಖನವಿರಲಿ, ಹಲವು ವರ್ಷಗಳಿಂದ ಅದನ್ನು ಫೈರ್‌ಫಾಕ್ಸ್ ಬ್ರೌಸರಿನ ರೀಡರ್ ವ್ಯೂನಲ್ಲಿ ತೆರೆದೇ ಓದುತ್ತಿದ್ದೇನೆ. 2015ರಲ್ಲಿ ಡೆಸ್ಕ್‌ಟಾಪಿಗೆ ಬಂದ ಈ ಸೌಲಭ್ಯಕ್ಕೆ ಹಣ ಕೊಡಬೇಕಾಗಿಲ್ಲ, ಬೇರೇನನ್ನೂ ಇನ್‌ಸ್ಟಾಲ್ ಮಾಡಬೇಕಾಗಿಯೂ ಇಲ್ಲ. ವಿಂಡೋಸ್‌ನಲ್ಲಿ ಎಫ್9 ಕೀ ಒತ್ತಿದರೆ ಜಾಹೀರಾತು, ಪಕ್ಕದ ಪಟ್ಟಿ, ತಾನಾಗಿ ಓಡುವ ವಿಡಿಯೊ ಎಲ್ಲವೂ ಸರಿದು ಶೀರ್ಷಿಕೆ, ಬರಹ ಮತ್ತು ಚಿತ್ರಗಳು ಉಳಿಯುತ್ತವೆ.

ಜಾಹೀರಾತು ಕಾಣೆಯಾಗುತ್ತದೆ ಎಂಬ ಕಾರಣಕ್ಕೆ ಇದನ್ನು ಹೊಗಳುವವರೇ ಹೆಚ್ಚು. ಕನ್ನಡದ ಓದುಗರಿಗೆ ಅದಕ್ಕಿಂತ ದೊಡ್ಡ ಉಪಕಾರವೆಂದರೆ, ಸಾಲುಗಳ ನಡುವಿನ ಅಂತರವನ್ನು ನಾವೇ ಹಿಗ್ಗಿಸಿಕೊಳ್ಳಬಹುದಾಗಿರುವುದು. ಇಂಗ್ಲಿಷಿನ ಅಳತೆಯಲ್ಲಿ ವಿನ್ಯಾಸಗೊಂಡ ಪುಟಗಳಲ್ಲಿ ಸಾಲುಗಳು ಎಷ್ಟು ಒತ್ತಾಗಿರುತ್ತವೆಂದರೆ, ‘ಸ್ವಾತಂತ್ರ್ಯ’ದಂಥ ಪದದಲ್ಲಿ ಕೆಳಗಿಳಿಯುವ ಒತ್ತುಗಳು ಮುಂದಿನ ಸಾಲಿನ ಗುಡಿಸಿಗೋ ತಲೆಕಟ್ಟಿಗೋ ತಾಗಿ ನಿಲ್ಲುತ್ತವೆ. ಕಣ್ಣಿನ ಪೊರೆಯ ಆಪರೇಷನ್ ಆದ ಮೇಲೆ ಅಪ್ಪಯ್ಯನಿಗೆ ಲೇಖನವೊಂದನ್ನು ತೆರೆದುಕೊಟ್ಟು, ಅಕ್ಷರವನ್ನು ಇನ್ನಷ್ಟು ದೊಡ್ಡದು ಮಾಡಲು ಹೊರಟಾಗ ಅವರೇ ತಡೆದು, ‘ಅಕ್ಷರ ಇಷ್ಟು ಸಾಕು ಮಾರಾಯ, ಸಾಲು ಸ್ವಲ್ಪ ಬಿಡಿಸು’ ಎಂದರು. ಅವರ ಮಾತು ಸರಿಯಾಗಿಯೇ ಇತ್ತು. ಕನ್ನಡದ ಪದಗಳು ವಿಭಕ್ತಿ, ಸಂಧಿ, ಸಮಾಸಗಳನ್ನೆಲ್ಲ ಹೊತ್ತುಕೊಂಡು ಉದ್ದವಾಗುತ್ತವೆ; ಅಕ್ಷರವನ್ನು ಮಿತಿಮೀರಿ ಹಿಗ್ಗಿಸಿದರೆ ‘ವಿಶ್ವವಿದ್ಯಾನಿಲಯದಲ್ಲಿದ್ದುಕೊಂಡೇ’ ಎಂಬ ಒಂದೇ ಪದ ಮೊಬೈಲಿನ ಸಾಲನ್ನು ಪೂರ್ತಿ ನುಂಗಿಬಿಡುತ್ತದೆ. ಕಂಪ್ಯೂಟರಿನಲ್ಲಿ ಅಕ್ಷರವನ್ನು ಮಧ್ಯಮ ಗಾತ್ರದಲ್ಲಿಟ್ಟು ಸಾಲಿನ ಅಂತರವನ್ನು ಎರಡು ಮೂರು ಹಂತ ಏರಿಸುವುದು, ಅಂಕಣದ ಅಗಲವನ್ನೂ ತುಸು ಹೆಚ್ಚಿಸುವುದು ನಮ್ಮ ಮನೆಯಲ್ಲಿ ಈಗ ರೂಢಿಯಾಗಿದೆ.

ಫಾಂಟಿನ ವಿಷಯದಲ್ಲಿ ಒಂದು ಕೆಲಸವನ್ನು ನಾವೇ ಮಾಡಿಕೊಳ್ಳಬೇಕು. ಫೈರ್‌ಫಾಕ್ಸ್‌ನ ಸೆಟ್ಟಿಂಗ್ಸ್‌ನಲ್ಲಿ ಫಾಂಟ್ ವಿಭಾಗದ ಅಡ್ವಾನ್ಸ್‌ಡ್ ಗುಂಡಿಯನ್ನು ಒತ್ತಿದರೆ ಕನ್ನಡ ಲಿಪಿಗೆ ಪ್ರತ್ಯೇಕವಾಗಿ ಫಾಂಟ್ ಆರಿಸುವ ಅವಕಾಶವಿದೆ. ಉಚಿತವಾಗಿ ಸಿಗುವ ನೋಟೊ ಸೆರಿಫ್ ಕನ್ನಡವನ್ನು ಅಲ್ಲಿ ಹಾಕಿಕೊಂಡ ಮೇಲೆ ವಿಂಡೋಸ್‌ನ ತುಂಗಾ ಫಾಂಟಿಗೆ ಮರಳುವ ಮನಸ್ಸು ನನಗಾಗಲಿಲ್ಲ. ಊರಿನ ಹೊಳೆಯ ಹೆಸರನ್ನೇ ಇಟ್ಟುಕೊಂಡ ಫಾಂಟನ್ನು ತೀರ್ಥಹಳ್ಳಿಯವನೇ ದೂರ ಇಡಬೇಕಾಗಿ ಬಂದದ್ದು ಬೇರೆ ಮಾತು.

ಪುಟದಲ್ಲಿ ಲೇಖನ ಯಾವುದು, ಉಳಿದದ್ದು ಯಾವುದು ಎಂಬುದನ್ನು ಈ ಸೌಲಭ್ಯ ಅರ್ಥ ನೋಡಿ ತೀರ್ಮಾನಿಸುವುದಿಲ್ಲ. 2009ರಲ್ಲಿ ಆರ್ಕ್90 ಎಂಬ ಸಂಸ್ಥೆ ಹೊರತಂದ ರೀಡಬಿಲಿಟಿ ಎಂಬ ಪ್ರಯೋಗವೇ ಇದರ ಮೂಲ. ಪುಟದ ಭಾಗಗಳಿಗೆ ಅದು ಅಂಕ ಕೊಡುತ್ತಾ ಹೋಗುತ್ತದೆ: ಒಂದು ಮಿತಿಯವರೆಗೆ ಪ್ಯಾರಾ ಉದ್ದವಿದ್ದಷ್ಟೂ, ಅದರಲ್ಲಿ ಅಲ್ಪವಿರಾಮಗಳು ಹೆಚ್ಚಿದ್ದಷ್ಟೂ ಅಂಕ ಹೆಚ್ಚು. 25 ಅಕ್ಷರಕ್ಕಿಂತ ಚಿಕ್ಕ ಪ್ಯಾರಾ ಲೆಕ್ಕಕ್ಕೇ ಇಲ್ಲ. ಪಕ್ಕದ ಪಟ್ಟಿ ಎಂದು ಕೋಡಿನಲ್ಲಿ ಹೆಸರಿಟ್ಟ ಭಾಗಕ್ಕೆ ಅಂಕ ಕಡಿತ. ಆದ್ದರಿಂದಲೇ ಪ್ರಬಂಧಗಳಿಗೆ ಇದು ಹೇಳಿ ಮಾಡಿಸಿದಂತಿದೆ, ಆದರೆ ಚಿಕ್ಕ ಚಿಕ್ಕ ಸಾಲುಗಳ ಕವಿತೆಯ ಪುಟದಲ್ಲಿ ರೀಡರ್ ವ್ಯೂನ ಗುಂಡಿ ಕಾಣಿಸಿಕೊಳ್ಳದೆಯೂ ಇರಬಹುದು. ಶಿವಮೊಗ್ಗ ಮಾರುಕಟ್ಟೆಯಲ್ಲಿ ಸರಕು, ಬೆಟ್ಟೆ, ರಾಶಿ, ಗೊರಬಲು ಎಂಬ ಅಡಿಕೆಯ ಬಗೆಗಳ ಧಾರಣೆಗಳನ್ನು ಬರೀ ಕೋಷ್ಟಕದಲ್ಲಿ ಕೊಡುವ ಪುಟದಲ್ಲಿ ಅದನ್ನು ಹುಡುಕುವುದೇ ವ್ಯರ್ಥ. ಹೆಚ್ಚು ಎಚ್ಚರ ಬೇಕಾದದ್ದು ಲೇಖನದ ನಡುವಿನ ಬಾಕ್ಸ್‌ಗಳ ವಿಷಯದಲ್ಲಿ. ಅಡಿಕೆಯ ಕೊಳೆರೋಗದ ಲೇಖನದಲ್ಲಿ, ಸಿಂಪಡಿಸುವ ಶೇ 1ರ ಬೋರ್ಡೋ ದ್ರಾವಣಕ್ಕೆ ಒಂದು ಕಿಲೊ ಮೈಲುತುತ್ತ, ಒಂದು ಕಿಲೊ ಸುಣ್ಣ, 100 ಲೀಟರ್ ನೀರು ಎಂಬ ಅಳತೆ ಬಾಕ್ಸ್‌ನಲ್ಲಿದ್ದರೆ, ಅದನ್ನೂ ಪಕ್ಕದ ಸರಕೆಂದು ಭಾವಿಸಿ ಕೈಬಿಡುವ ಸಾಧ್ಯತೆ ಇದೆ. ನೆರೆಯವರಿಗೆ ಪ್ರಿಂಟ್ ತೆಗೆದು ಕೊಡುವ ಮುನ್ನ ಮೂಲ ಪುಟವನ್ನೊಮ್ಮೆ ನೋಡಿಯೇ ಕೊಡುತ್ತೇನೆ.

ಎಲ್ಲ ಕಂಪ್ಯೂಟರುಗಳಿಗೂ ಒಂದೇ ಆದ ಅಕ್ಷರಸಂಕೇತ ವ್ಯವಸ್ಥೆಯಾದ ಯುನಿಕೋಡ್ ಬರುವುದಕ್ಕೆ ಮುಂಚಿನ ಫಾಂಟುಗಳಲ್ಲಿ ಉಳಿದುಹೋದ ಹಳೆಯ ಪುಟಗಳಿಗೂ ಇದು ಒಗ್ಗುವುದಿಲ್ಲ. ಪುಟದ ಫಾಂಟನ್ನು ಕಳಚಿದೊಡನೆ ಕನ್ನಡವೆಂದು ಕಾಣುತ್ತಿದ್ದದ್ದು ರೋಮನ್ ಅಕ್ಷರಗಳ ಕಲಸುಮೇಲೋಗರವಾಗುತ್ತದೆ. ಪುಟವನ್ನು ಚಿತ್ರವಾಗಿ ಕೊಡುವ ಇ-ಪೇಪರಿಗೆ ಇದರಿಂದ ಯಾವ ಉಪಯೋಗವೂ ಇಲ್ಲ. ಓದಲು ಇಷ್ಟು ನಿಮಿಷ ಬೇಕೆಂದು ಶೀರ್ಷಿಕೆಯ ಕೆಳಗೆ ಬರುವ ಅಂದಾಜನ್ನು ನಾನು ಗಮನಿಸುವುದಿಲ್ಲ. ಅದು ಕನ್ನಡದ ಓದಿನ ವೇಗವನ್ನು ಅಳೆದು ಮಾಡಿದ ಲೆಕ್ಕವಲ್ಲ.

ಇಂಟರ್‌ನೆಟ್ ಡೇಟಾ ಉಳಿತಾಯವಾಗುತ್ತದೆಂಬ ನಂಬಿಕೆಯೂ ಸರಿಯಲ್ಲ, ಏಕೆಂದರೆ ಪುಟ ಇಳಿದ ಮೇಲಷ್ಟೇ ಶುದ್ಧೀಕರಣ ಆರಂಭವಾಗುತ್ತದೆ. ಆದರೂ ಮಳೆಗಾಲದಲ್ಲಿ ಕರೆಂಟು ಹೋಗಿ, ಟವರಿನ ಬ್ಯಾಟರಿಯೂ ಮುಗಿದು ಸಿಗ್ನಲ್ ಕೈಕೊಟ್ಟಾಗ, ಮೊದಲೇ ತೆರೆದಿಟ್ಟ ಲೇಖನಗಳನ್ನು ಲ್ಯಾಪ್‌ಟಾಪಿನಲ್ಲಿ ನಿರಾತಂಕವಾಗಿ ಓದಬಹುದು. ಟ್ಯಾಬ್ ಮುಚ್ಚಬಾರದು ಅಷ್ಟೆ. ಕಾದಿಡಬೇಕಾದ ಬರಹಗಳನ್ನು ಇದೇ ನೋಟದಿಂದ ಪಿಡಿಎಫ್ ಮಾಡಿಕೊಳ್ಳುತ್ತೇನೆ. ಲೇಖನ ಕೂಡಿಡಲು ಹಲವರು ನೆಚ್ಚಿಕೊಂಡಿದ್ದ ಪಾಕೆಟ್ ಎಂಬ ಸೇವೆ 2025ರ ಜುಲೈ 8ರಂದು ನಿಂತುಹೋದ ಮೇಲೆ ಈ ಅಭ್ಯಾಸ ಇನ್ನಷ್ಟು ಗಟ್ಟಿಯಾಗಿದೆ.

ಓದಿ ಹೇಳುವ ಗುಂಡಿಯೂ ಇದೆ, ಆದರೆ ಕಂಪ್ಯೂಟರಿನಲ್ಲಿ ಕನ್ನಡದ ಧ್ವನಿ ಇಲ್ಲದಿದ್ದರೆ ಕನ್ನಡ ಲೇಖನಕ್ಕೆ ಅದು ಪ್ರಯೋಜನಕ್ಕೆ ಬಾರದು. ಮೈಕ್ರೋಸಾಫ್ಟ್‌ನ ಎಡ್ಜ್ ಬ್ರೌಸರಿನಲ್ಲಿ ಸಪ್ನಾ, ಗಗನ್ ಎಂಬ ಎರಡು ಕನ್ನಡ ಧ್ವನಿಗಳು ಸಿಗುತ್ತವೆ, ಆದರೆ ಅವಕ್ಕೆ ಇಂಟರ್‌ನೆಟ್ ಇರಲೇಬೇಕು. ಹೀಗಾಗಿ ಅಪ್ಪಯ್ಯ ಕಣ್ಣು ದಣಿದ ದಿನ ಎಡ್ಜ್ ಹಾಕಿಸಿಕೊಂಡು ಕೇಳುತ್ತಾರೆ, ಉಳಿದ ದಿನಗಳಲ್ಲಿ ಫೈರ್‌ಫಾಕ್ಸ್‌ನಲ್ಲಿ ಓದುತ್ತಾರೆ.